ಟಾಕೀಸು ಮುಚ್ಚಿದ ಮೇಲೆ

ಬೀದರ್ ಜಿಲ್ಲೆಯ ಹುಮನಾಬಾದ್, ಬಸವಕಲ್ಯಾಣಗಳಂಥ ಊರುಗಳಲ್ಲಿ ಟಾಕೀಸು ಎಂದರೆ ಬರಿಯ ಸಿನಿಮಾ ಮಂದಿರವಲ್ಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಗಡಿನಾಡು ಇದು. ಕನ್ನಡ, ಮರಾಠಿ, ಉರ್ದು, ತೆಲುಗು ಮಾತಾಡುವ ಜನ ಒಂದೇ ಕತ್ತಲಲ್ಲಿ ಕೂತು ಒಂದೇ ಪರದೆ ನೋಡುವ ಜಾಗ ಊರಿಗೆ ಬೇರೆ ಯಾವುದಿದ್ದೀತು? ಅಂಥ ಕಟ್ಟಡಕ್ಕೆ ಬೀಗ ಬಿದ್ದರೆ ಮುಂದೇನು ಎಂಬುದು ಊರಿನ ಪ್ರಶ್ನೆಯೂ ಹೌದು.

ಉತ್ತರದ ಅರ್ಧ ಭಾಗ ಕಟ್ಟಡದಲ್ಲೇ ಇದೆ. ನಡುವೆ ಕಂಬ ನಿಂತರೆ ಹಿಂದಿನವರಿಗೆ ಪರದೆ ಕಾಣದು. ಆದ್ದರಿಂದ ಗೋಡೆಯಿಂದ ಗೋಡೆಗೆ ಕಬ್ಬಿಣದ ಟ್ರಸ್ ಹಾಕಿ ಮಾಡು ಹೊದಿಸುತ್ತಿದ್ದರು. ಬೆಳಕು ಬರಬಾರದೆಂದು ಕಿಟಕಿ ಇಡುತ್ತಿರಲಿಲ್ಲ. ನೆಲ ಪರದೆಯ ಕಡೆಗೆ ಇಳಿಜಾರಾಗಿರುತ್ತಿತ್ತು. ಹಳೆಯ ನೈಟ್ರೇಟ್ ಫಿಲ್ಮು ಬಲು ಬೇಗ ಬೆಂಕಿ ಹಿಡಿಯುವಂಥದು. ಅದಕ್ಕಾಗಿ ಪ್ರೊಜೆಕ್ಟರ್ ಕೋಣೆಗೆ ದಪ್ಪ ಗೋಡೆ, ಸಣ್ಣ ಕಿಂಡಿ, ಕಿಂಡಿಗೆ ಕಬ್ಬಿಣದ ಮುಚ್ಚಳ. 1950ರ ದಶಕದಲ್ಲಿ ಆ ಫಿಲ್ಮಿನ ಬಳಕೆ ನಿಂತರೂ ಕಟ್ಟುವ ರೀತಿ ಉಳಿಯಿತು.

ಕಂಬವಿಲ್ಲದ ವಿಶಾಲ ಹಜಾರ, ಸೈಕಲ್ಲು ನಿಲ್ಲಿಸುತ್ತಿದ್ದ ಅಂಗಳ: ಫಂಕ್ಷನ್ ಹಾಲಿಗೆ, ಗೋದಾಮಿಗೆ ಬೇಕಾದದ್ದೂ ಇದೇ. ಇಳಿಜಾರಿಗೆ ಮಣ್ಣು ತುಂಬಿ ಸಮ ಮಾಡಬೇಕು, ಗಾಳಿಗೆ ಗೋಡೆ ಒಡೆಯಬೇಕು. ಬಾಲ್ಕನಿಯ ಮೆಟ್ಟಿಲು ನೆಲಕ್ಕೆ ಮಾತ್ರ ಉಪಯೋಗ ಹುಡುಕುವುದು ಕಷ್ಟ. ಮದುವೆಯೂಟಕ್ಕೆ ಹೋದಾಗ ಹಿಂದಿನ ಗೋಡೆಯ ಮೇಲ್ಭಾಗದಲ್ಲಿ ಸಾಲಾಗಿ ಮುಚ್ಚಿದ ಕಿಂಡಿಗಳು ಕಂಡರೆ, ಅದು ಹಿಂದೆ ಟಾಕೀಸಾಗಿತ್ತೆಂದು ತಿಳಿಯಬಹುದು.

ಉಳಿದರ್ಧ ಉತ್ತರ ನೆಲದ ಬೆಲೆಯಲ್ಲಿದೆ. ರಾಜಧಾನಿಯ ಉದಾಹರಣೆಗಳು ಇದನ್ನು ಸ್ಪಷ್ಟಪಡಿಸುತ್ತವೆ. ಬೆಂಗಳೂರಿನ ಬಿ.ಆರ್.ವಿ. ಚಿತ್ರಮಂದಿರ ಮೊದಲು ಬೆಂಗಳೂರು ರೈಫಲ್ ವಾಲಂಟಿಯರ್ಸ್ ಎಂಬ ಪಡೆಯ ಕಟ್ಟಡ. ಹೆಸರಿನ ಮೂರಕ್ಷರ ಬಂದದ್ದೂ ಅಲ್ಲಿಂದಲೇ. ಸಿನಿಮಾ ನಿಂತ ಮೇಲೆ ಅದು ಸೈನ್ಯದ ಕ್ಯಾಂಟೀನ್ ಆಯಿತು. ಹೀಗೆ ಒಂದೇ ಕಟ್ಟಡಕ್ಕೆ ಮೂರು ಬಾಳು. 1936ರ ಪ್ಲಾಜಾಕ್ಕೆ ಆ ಭಾಗ್ಯವಿರಲಿಲ್ಲ. ಮಹಾತ್ಮ ಗಾಂಧಿ ರಸ್ತೆಯ ಮೆಟ್ರೊ ನಿಲ್ದಾಣಕ್ಕಾಗಿ ಅದನ್ನು ಕೆಡವಿದರು. 1968ರಲ್ಲಿ ತೆರೆದ, 1,400ಕ್ಕೂ ಹೆಚ್ಚು ಆಸನಗಳ ಕಪಾಲಿ 2017ರಲ್ಲಿ ಪ್ರದರ್ಶನ ನಿಲ್ಲಿಸಿತು. ಆಮೇಲೆ ಅದೂ ನೆಲಸಮವಾಯಿತು. ಮೆಜೆಸ್ಟಿಕ್ ಚಿತ್ರಮಂದಿರ ಹೋಗಿ ಎಷ್ಟೋ ಕಾಲವಾದರೂ ಬಸ್ಸಿನ ಕಂಡಕ್ಟರು ಇಂದಿಗೂ ಕೂಗುವುದು ಅದರ ಹೆಸರನ್ನೇ.

ನೆಲ ಕಟ್ಟಡಕ್ಕಿಂತ ದುಬಾರಿಯಾದಲ್ಲಿ ಕಟ್ಟಡ ಉರುಳುತ್ತದೆ, ಅಲ್ಲದಿದ್ದಲ್ಲಿ ವೇಷ ಬದಲಿಸುತ್ತದೆ. ಹುಮನಾಬಾದ್ ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲಿದೆ. 2017ರಲ್ಲಿ ಬೀದರ್–ಕಲಬುರಗಿ ರೈಲೂ ಬಂತು. ಇಂಥ ಊರಲ್ಲಿ ರಸ್ತೆ ಬದಿಯ ನೆಲ ಬಹಳ ಕಾಲ ಅಗ್ಗವಾಗಿ ಉಳಿಯದು.

ಎಲ್ಲ ಟಾಕೀಸನ್ನೂ ಉಳಿಸಿಕೊಳ್ಳುವುದು ಆಗದ ಮಾತು. ದಾಖಲೆ ಉಳಿಸಿಕೊಳ್ಳುವುದು ಕೈಲಾಗುವ ಕೆಲಸ. 1964ರ ಸಿನಿಮಾ ನಿಯಂತ್ರಣ ಕಾಯಿದೆಯಂತೆ ಚಿತ್ರಮಂದಿರಕ್ಕೆ ಲೈಸೆನ್ಸ್ ಬೇಕು. ಅದಕ್ಕೆ ಕಟ್ಟಡದ ನಕ್ಷೆಯನ್ನೂ ಒಪ್ಪಿಸಬೇಕು. ಆ ಕಡತಗಳು ಗೆದ್ದಲಿನ ಪಾಲಾಗುವ ಮೊದಲು ಊರಿನ ಕಾಲೇಜಿನ ಹುಡುಗರು ಕಟ್ಟಡವನ್ನೊಮ್ಮೆ ಅಳೆಯಲಿ, ಫೋಟೊ ತೆಗೆಯಲಿ, ರೀಲು ಓಡಿಸಿದವರನ್ನೂ ಗೇಟಿನಲ್ಲಿ ಟಿಕೆಟು ಹರಿದವರನ್ನೂ ಮಾತಾಡಿಸಲಿ. ಗುದ್ದಲಿ ಬಿದ್ದ ಮೇಲೆ ಕೇಳಿದರೆ ಹೇಳುವವರಿರುವುದಿಲ್ಲ.