ಹಾದಿ ತಿರುಗಲಿ, ಅಳತೆ ತಪ್ಪದಿರಲಿ

ಮುಧೋಳ, ಜಮಖಂಡಿ, ಬೀಳಗಿ, ರಬಕವಿ–ಬನಹಟ್ಟಿ ಸೀಮೆಯಲ್ಲಿ ಮೂರು ಕೆಲಸಗಳಿಗೆ ಒಂದೇ ಹಂಗಾಮು. ಮಳೆ ಹಿಂದೆಗೆದು ನೆಲ ಒಣಗಿತೆಂದರೆ ಗುತ್ತಿಗೆದಾರರ ಜೆಸಿಬಿ ರಸ್ತೆಗಿಳಿಯುತ್ತದೆ. ಅದೇ ಹೊತ್ತಿಗೆ ಸಕ್ಕರೆ ಕಾರ್ಖಾನೆಗಳ ಚಿಮಣಿ ಹೊಗೆಯಾಡತೊಡಗಿ, ಜೋಡಿ ಟ್ರಾಲಿ ಎಳೆಯುವ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ರಾಜ್ಯೋತ್ಸವ, ಗಣರಾಜ್ಯೋತ್ಸವ, ಊರೂರ ಜಾತ್ರೆಗಳ ಓಟದ ಸ್ಪರ್ಧೆಗಳೂ ಆಗಲೇ ಬರುತ್ತವೆ. ಕರಪತ್ರ ಹಂಚಿ, ಬಹುಮಾನಕ್ಕೆ ದಾನಿಗಳನ್ನು ಹಿಡಿದು, ಪೊಲೀಸರ ಅನುಮತಿ ಪಡೆದು ಎಲ್ಲವೂ ಸಜ್ಜಾದ ಮೇಲೆ ನೋಡಿದರೆ ಓಡಬೇಕಾದ ರಸ್ತೆಯ ಮೇಲೆ ಖಡಿ ಸುರಿದಿರುತ್ತದೆ. ಆಗ ಸಂಘಟಕರು ಒಂದು ಸಂಜೆ ಬೈಕಿನಲ್ಲಿ ಸುತ್ತಾಡಿ, ‘ಈ ಕಡೆಯಿಂದ ತಿರುಗಿಸಿಬಿಡೋಣ, ಅಷ್ಟೇ ಆಗ್ತದ’ ಎಂದು ಹೊಸ ಹಾದಿ ಗೊತ್ತುಮಾಡುತ್ತಾರೆ.

ನನ್ನ ತಕರಾರು ಆ ‘ಅಷ್ಟೇ ಆಗ್ತದ’ ಎಂಬ ಮಾತಿಗೆ. ರಸ್ತೆ ಕೆಟ್ಟಿದ್ದರೆ ಓಟದ ಹಾದಿ ತಿರುಗಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ 10 ಕಿ.ಮೀ. ಎಂದು ಹೇಳಿ ಕರೆಸಿದ ಮೇಲೆ ಓಡಿಸುವುದು 10 ಕಿ.ಮೀ. ಆಗಿರಬೇಕು. ಬಹುಮಾನದ ಮೊತ್ತವನ್ನು ನಡುವೆ ಕಡಿಮೆ ಮಾಡಿದರೆ ಊರು ಸುಮ್ಮನಿರುವುದಿಲ್ಲ. ದೂರ ಕಡಿಮೆಯಾದಾಗ ಮಾತ್ರ ಯಾರೂ ಕೇಳುವುದಿಲ್ಲ.

ಮ್ಯಾರಥಾನ್‌ನ 42.195 ಕಿ.ಮೀ. ಎಂಬ ವಿಚಿತ್ರ ಅಂಕಿಯ ಹಿಂದೆಯೂ ಕೆಟ್ಟ ರಸ್ತೆಯೊಂದರ ಕಥೆಯಿದೆ. 1908ರ ಲಂಡನ್ ಒಲಿಂಪಿಕ್ಸ್‌ಗೆ ವಿಂಡ್ಸರ್ ಅರಮನೆಯಿಂದ ಕ್ರೀಡಾಂಗಣದವರೆಗೆ ಮೊದಲು ಗುರುತಿಸಿದ್ದ ಹಾದಿಯ ಕೊನೆಯ ಮೈಲಿಗಳಲ್ಲಿ ಟ್ರಾಮ್ ಹಳಿಗಳೂ ಕಲ್ಲುಹಾಸೂ ಇದ್ದವು. ಅದರ ಮೇಲೆ ಓಡುವುದು ಕಷ್ಟ ಎಂದು ಆಕ್ಷೇಪ ಬಂದು, ಹಾದಿಯನ್ನು ವರ್ಮ್‌ವುಡ್ ಸ್ಕ್ರಬ್ಸ್ ಎಂಬ ಬಯಲಿನತ್ತ ತಿರುಗಿಸಿದರು. ಆ ತಿರುವು, ಅರಮನೆ ಆವರಣದ ಆರಂಭ, ರಾಜಮನೆತನದವರ ಆಸನದ ಮುಂದಿನ ಮುಕ್ತಾಯ ಎಲ್ಲ ಕೂಡಿ 26 ಮೈಲಿ 385 ಗಜ ಆಯಿತು. 1921ರಲ್ಲಿ ಅದೇ ದೂರವನ್ನು ಜಗತ್ತಿಗೆಲ್ಲ ಮಾನದಂಡವೆಂದು ಒಪ್ಪಲಾಯಿತು. ಹಾದಿ ತಿರುಗಿಸಿದವರು ಅಂದು ಹೊಸ ದೂರ ಎಷ್ಟೆಂದು ಅಳೆದು, ಬರೆದಿಟ್ಟು, ಎಲ್ಲರಿಗೂ ತಿಳಿಸಿದ್ದರು ಎಂಬುದನ್ನು ಗಮನಿಸಬೇಕು.

ನಮ್ಮ ನೆರೆಯ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಓಡಿದ್ದು ಆ ಮಾನದಂಡ ಬರುವ ಹಿಂದಿನ ವರ್ಷ. ಪುಣೆಯ ಡೆಕ್ಕನ್ ಜಿಮ್ಖಾನಾದ ಓಟಗಳಲ್ಲಿ ಕಣ್ಣಿಗೆ ಬಿದ್ದು ಬೆಲ್ಜಿಯಂವರೆಗೆ ಹೋದ ಅವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಗುರಿ ಮುಟ್ಟಿ 19ನೆಯವರಾದರು. ಅವರು ಅಂದು ಓಡಿದ್ದು 42.75 ಕಿ.ಮೀ., ಅಂದರೆ ಇಂದಿನ ಮ್ಯಾರಥಾನ್‌ಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ದೂರ ದಾಖಲಾಗಿರುವುದರಿಂದಲೇ ನೂರು ವರ್ಷಗಳ ಮೇಲೂ ಅವರ ಸಮಯವನ್ನು ಇಂದಿನ ಓಟಗಾರನ ಸಮಯದ ಪಕ್ಕ ಇಟ್ಟು ಮಾತಾಡಬಹುದು. ಆ ಅರ್ಧ ಕಿಲೋಮೀಟರು ಲೆಕ್ಕದಿಂದ ಬಿಟ್ಟುಹೋಗಿದ್ದರೆ ಚೌಗುಲೆಯವರಿಗೇ ಅನ್ಯಾಯವಾಗುತ್ತಿತ್ತು.

ಅಳೆಯದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಬಾಸ್ಟನ್ ಸಾಕು. 1897ರಿಂದ ನಡೆಯುತ್ತಿರುವ, ಮ್ಯಾರಥಾನ್‌ಗಳಲ್ಲೇ ಹಿರಿಯದೆನಿಸಿದ ಓಟ ಅದು. 1950ರ ದಶಕದಲ್ಲಿ ಅಲ್ಲಿ ಸಮಯಗಳು ಇದ್ದಕ್ಕಿದ್ದಂತೆ ಇಳಿಯತೊಡಗಿದವು. 1953ರಲ್ಲಿ ಜಪಾನಿನ ಕೇಜೊ ಯಮಾದಾ 2 ಗಂಟೆ 18 ನಿಮಿಷ 51 ಸೆಕೆಂಡು, 1956ರಲ್ಲಿ ಫಿನ್‌ಲೆಂಡಿನ ಆಂಟಿ ವಿಸ್ಕಾರಿ 2 ಗಂಟೆ 14 ನಿಮಿಷ 14 ಸೆಕೆಂಡು. ಅನುಮಾನ ಬಂದು ಅಳೆದು ನೋಡಿದರೆ ಹಾದಿ ಒಂದು ಕಿಲೋಮೀಟರಿಗೂ ಹೆಚ್ಚು ಕಡಿಮೆಯಿತ್ತು! ಯಾರೂ ಮೋಸ ಮಾಡಿರಲಿಲ್ಲ. ರಸ್ತೆ ದುರಸ್ತಿ ಮಾಡಿದವರು ತಿರುವುಗಳನ್ನು ನೇರಗೊಳಿಸುತ್ತ ಹೋಗಿದ್ದರು, ಓಟದವರು ಹಳೆಯ ಲೆಕ್ಕವನ್ನೇ ನಂಬಿಕೊಂಡು ಕುಳಿತಿದ್ದರು. 1957ರಲ್ಲಿ ಪೂರ್ಣ ದೂರ ಮರಳಿ ಬಂದಾಗ ಗೆದ್ದ ಜಾನ್ ಕೆಲ್ಲಿಗೆ ಹಿಡಿದದ್ದು 2 ಗಂಟೆ 20 ನಿಮಿಷ 5 ಸೆಕೆಂಡು. ವಿಸ್ಕಾರಿಯಂಥ ದೊಡ್ಡ ಓಟಗಾರನ ಗೆಲುವಿಗೆ ಇಂದಿಗೂ ಒಂದು ಅಡಿಟಿಪ್ಪಣಿ ಅಂಟಿಕೊಂಡಿದೆ, ತಪ್ಪು ಅವನದಲ್ಲದಿದ್ದರೂ.

ಇದು ಹಳೆಯ ಕಾಲದ ಮಾತೂ ಅಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮ್ಯಾರಥಾನ್ 2013ರಿಂದ 2015ರವರೆಗೆ ಮೂರು ವರ್ಷ 380 ಮೀಟರ್ ಕಡಿಮೆ ಇತ್ತೆಂದು 2016ರಲ್ಲಿ ಹೊರಬಿತ್ತು, ಸಾವಿರಾರು ಜನರ ಸಮಯಗಳು ಮಾನ್ಯತೆ ಕಳೆದುಕೊಂಡವು. 2015ರಲ್ಲಿ ಬ್ಯಾಂಕಾಕ್‌ನ ಹಾಫ್ ಮ್ಯಾರಥಾನ್‌ನಲ್ಲಿ ಉಲ್ಟಾ ಆಯಿತು. ಯು-ತಿರುವಿನ ಜಾಗ ತಪ್ಪಿ, 21 ಕಿ.ಮೀ.ಗೆ ಸಜ್ಜಾಗಿ ಬಂದವರು ಸುಮಾರು 6 ಕಿ.ಮೀ. ಹೆಚ್ಚು ಓಡಬೇಕಾಯಿತು.

ಬೆಂಗಳೂರಿನ 10ಕೆ ಓಟ 2008ರಲ್ಲಿ ಕಂಠೀರವ ಕ್ರೀಡಾಂಗಣದಿಂದ ಶುರುವಾಯಿತು. ನಂತರ ಅದರ ಆರಂಭ ಮತ್ತು ಮುಕ್ತಾಯ ಮಾಣೆಕ್ ಷಾ ಪರೇಡ್ ಮೈದಾನಕ್ಕೆ ಬಂತು. ಆ ಮೈದಾನಕ್ಕೆ ಹೊಂದಿಕೊಂಡ ಕಾಮರಾಜ ರಸ್ತೆಯನ್ನು ಮೆಟ್ರೊದ ನೆಲದಡಿ ನಿಲ್ದಾಣಕ್ಕಾಗಿ 2019ರಲ್ಲಿ ಮುಚ್ಚಿ, ವರ್ಷಗಳ ಬಳಿಕವಷ್ಟೇ ಭಾಗಶಃ ತೆರೆದರು. ಅಗೆತ ನಿಲ್ಲದ ನಗರದಲ್ಲಿ ಓಟದ ನಕ್ಷೆ ಒಂದೇ ಆಗಿ ಉಳಿಯುವುದಿಲ್ಲ. ಆದರೆ ಅಲ್ಲಿ ಜಗತ್ತಿನ ಶ್ರೇಷ್ಠರು ಓಡುವುದರಿಂದ ಹಾದಿ ಬದಲಾದಾಗಲೆಲ್ಲ ಅಳತೆಯೂ ಆಗಲೇಬೇಕು. ನಮ್ಮ ಕಡೆ ಅಂಥ ಒತ್ತಾಯ ಹೇರುವವರಿಲ್ಲ.

ಹಾಗಾದರೆ ಅಳೆಯುವುದು ಹೇಗೆ? ಮೊಬೈಲ್ ತೋರಿಸುವ ಅಂಕಿ ನಂಬುವಂತಿಲ್ಲ, ಜಿಪಿಎಸ್ ಪ್ರತಿ ಕಿಲೋಮೀಟರಿಗೂ ಹತ್ತಾರು ಮೀಟರ್ ಆಚೀಚೆ ಆಗಬಹುದು. ಬೈಕಿನ ಮೀಟರ್ ಅದಕ್ಕಿಂತ ಒರಟು. ಅಂತರರಾಷ್ಟ್ರೀಯ ಓಟಗಳೂ ಇಂದಿಗೂ ಒಪ್ಪಿಕೊಂಡಿರುವ ಸಾಧನ ಸಾದಾ ಸೈಕಲ್. ಬ್ರಿಟನ್ನಿನ ಜಾನ್ ಜ್ಯುವೆಲ್ 1961ರ ಸುಮಾರಿಗೆ ಈ ಕ್ರಮವನ್ನು ವಿವರಿಸಿದರು, ಒಲಿಂಪಿಕ್ ಮ್ಯಾರಥಾನ್ ಓಟಗಾರ ಟೆಡ್ ಕಾರ್ಬಿಟ್ ಅದನ್ನು ಅಮೆರಿಕಕ್ಕೆ ಒಯ್ದರು. ಅಲ್ಲಿಯ ಅಲನ್ ಜೋನ್ಸ್ ತಮ್ಮ ಮಗನೊಂದಿಗೆ 1971ರಲ್ಲಿ ಮುಂಗಾಲಿಯ ಅಚ್ಚಿಗೆ ಕೂರಿಸುವ ಎಣಿಕೆ ಯಂತ್ರವೊಂದನ್ನು ಮಾಡಿದರು. ಸೈಕಲ್ ಪಟುಗಳಿಗೆ ದೇಶದಲ್ಲೇ ಹೆಸರಾದ ವಿಜಯಪುರ–ಬಾಗಲಕೋಟೆ ಸೀಮೆಯಲ್ಲಿ ಈ ಕೆಲಸಕ್ಕೆ ಕೈಗಳು ಸಿಗುವುದಿಲ್ಲ ಎಂದರೆ ಒಪ್ಪಲಾಗದು.

ಕ್ರಮ ಕಷ್ಟದ್ದಲ್ಲ, ತಾಳ್ಮೆಯದು. ಮೊದಲು ನೇರವಾದ, ಸಮತಟ್ಟಾದ ರಸ್ತೆಯಲ್ಲಿ ಉಕ್ಕಿನ ಟೇಪು ಹಿಡಿದು 300 ಮೀಟರಿಗೆ ಕಡಿಮೆಯಿಲ್ಲದ ಒಂದು ಗೆರೆ ಅಳೆದಿಡಬೇಕು. ಅದರ ಮೇಲೆ ಸೈಕಲ್ಲನ್ನು ನಾಲ್ಕು ಸಲ ಓಡಿಸಿ, ಆ ದೂರಕ್ಕೆ ಗಾಲಿ ಎಷ್ಟು ಎಣಿಕೆ ತೋರಿಸುತ್ತದೆಂದು ಬರೆದುಕೊಳ್ಳಬೇಕು. ಆಮೇಲೆ ಓಟದ ಹಾದಿ. ಸವಾರ ರಸ್ತೆಯ ಮಧ್ಯೆ ಹೋಗುವಂತಿಲ್ಲ, ಓಟಗಾರ ಹಿಡಿಯಬಹುದಾದ ಅತ್ಯಂತ ಹತ್ತಿರದ ದಾರಿಯನ್ನೇ ಹಿಡಿಯಬೇಕು. ತಿರುವಿನಲ್ಲಿ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು, ಒಂದು ತಿರುವಿನಿಂದ ಇನ್ನೊಂದಕ್ಕೆ ಓರೆಯಾಗಿ ರಸ್ತೆ ದಾಟಿಕೊಂಡು. ಎಷ್ಟೇ ಪಳಗಿದ ಸವಾರನಾದರೂ ಸ್ವಲ್ಪ ಓಲಾಡುತ್ತಾನೆ, ಅಷ್ಟು ದೂರ ಗಾಲಿ ಹೆಚ್ಚು ಎಣಿಸಿಬಿಡುತ್ತದೆ. ಅದಕ್ಕಾಗಿ ಸಾವಿರಕ್ಕೆ ಒಂದರಂತೆ ಸೇರಿಸಬೇಕು, 10 ಕಿ.ಮೀ.ಗೆ 10 ಮೀಟರ್. ಕೆಲಸ ಮುಗಿದ ಮೇಲೆ ಮತ್ತೆ ಟೇಪಿನ ಗೆರೆಗೆ ಬಂದು ನಾಲ್ಕು ಸಲ ಓಡಿಸಬೇಕು. ಮುಧೋಳದ ಬಿಸಿಲಿಗೆ ಟಯರಿನ ಗಾಳಿ ಹಿಗ್ಗುತ್ತದೆ, ಬೆಳಗಿನ ಗಾಲಿಯೂ ಮಧ್ಯಾಹ್ನದ ಗಾಲಿಯೂ ಒಂದೇ ಅಲ್ಲ. ನಸುಕಿನಲ್ಲಿ ಅಳೆಯುವುದು ಒಳ್ಳೆಯದು, ಟ್ರ್ಯಾಕ್ಟರುಗಳ ಕಾಟವೂ ಆಗ ಕಡಿಮೆ.

ತಿಮ್ಮಾಪುರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ರೈತರ ಸಹಕಾರಿ ಸಕ್ಕರೆ ಕಾರ್ಖಾನೆಯ ರನ್ನನಗರ ಇರುವ ಊರು. ಕಾರ್ಖಾನೆ ಮುಂದಿನಿಂದ ಹೊರಟು 5 ಕಿ.ಮೀ. ಹೋಗಿ, ತಿರುಗಿ ಅಲ್ಲಿಗೇ ಬರುವ ಓಟವೊಂದನ್ನು ಊಹಿಸಿಕೊಳ್ಳಿ. ನಡುವೆ ಸೇತುವೆ ಕೆಲಸಕ್ಕೆ ರಸ್ತೆ ಅಗೆದಿದ್ದಾರೆ, ಬದಿಯ ತೋಟದ ದಾರಿಯಿಂದ ಬಳಸಿ ಹೋಗಬೇಕು. ಆ ಬಳಸುದಾರಿಯಿಂದ ಒಂದು ಕಡೆಗೆ 300 ಮೀಟರ್ ಹೆಚ್ಚಾಯಿತೆನ್ನಿ. ಹೋಗಿಬರುವಾಗ 600 ಆಯಿತು. ಯು-ತಿರುವಿನ ಡ್ರಮ್ಮನ್ನು 300 ಮೀಟರ್ ಹಿಂದಕ್ಕೆ ಸರಿಸಿದರೆ ಲೆಕ್ಕ ಸರಿಹೋಗುತ್ತದೆ. ಆರಂಭ ಮುಕ್ತಾಯಗಳನ್ನು ಮುಟ್ಟಬೇಕಿಲ್ಲ, ಶಾಮಿಯಾನ ಕಿತ್ತು ಬೇರೆಡೆ ಹಾಕಬೇಕಿಲ್ಲ. ಬಳಸುದಾರಿಯಷ್ಟನ್ನೇ ಹೊಸದಾಗಿ ಅಳೆದರೆ ಸಾಕು, ಒಂದು ಬೆಳಗಿನ ಕೆಲಸ. ಇಷ್ಟು ಮಾಡದೆ ಡ್ರಮ್ಮನ್ನು ಕಣ್ಣಳತೆಯಲ್ಲಿ ಇಟ್ಟರೆ, ಅದು 50 ಮೀಟರ್ ತಪ್ಪಿದಾಗ ಓಟ 100 ಮೀಟರ್ ತಪ್ಪುತ್ತದೆ.

ಬಳಸುದಾರಿ ಆರಿಸುವಾಗ ದೂರದ ಜೊತೆ ನೆಲವನ್ನೂ ನೋಡಬೇಕು. ಹಳ್ಳಿ ಓಟಗಳಲ್ಲಿ ಬರಿಗಾಲಲ್ಲಿ ಓಡುವ ಮಕ್ಕಳು ಈಗಲೂ ಇದ್ದಾರೆ. ಹೊಸ ಖಡಿಯ ಚೂಪು ಅವರ ಪಾದ ಸೀಳುತ್ತದೆ. ಮುರುಮು ಹಾಕಿ ನೀರುಣಿಸಿ ರೋಲರ್ ಹೊಡೆದ ದಾರಿಯಾದರೆ ಅಡ್ಡಿಯಿಲ್ಲ. ಟಾರು ಹಾಕಿದ ಮರುದಿನದ ರಸ್ತೆ ಬೇಡ. ಕಬ್ಬು ಸಾಗುವ ದಾರಿಯನ್ನಂತೂ ಕಾರ್ಖಾನೆಯವರೊಂದಿಗೆ ಕೂತು ಮಾತಾಡದೆ ಆರಿಸಲೇಬಾರದು. ಸಾಲಿನಲ್ಲಿ ನಿಂತ ಚಾಲಕನಿಗೂ ಅವಸರ ಇರುತ್ತದೆ, ಎರಡು ತಾಸು ಟ್ರಾಲಿ ತಡೆಯಲು ಹಿಂದಿನ ದಿನವೇ ಹೇಳಿರಬೇಕು. ಆಂಬುಲೆನ್ಸ್ ಅಗೆದ ಜಾಗ ದಾಟಿ ಬರಲಾರದು, ಹಾಗಾಗಿ ಅದರ ಆಚೆಗೊಂದು, ಈಚೆಗೊಂದು ವಾಹನ ಬೇಕು.

ಇಷ್ಟೆಲ್ಲ ಒಂದು ಜಾತ್ರೆ ಓಟಕ್ಕೆ ಯಾಕೆ ಎಂದು ಕೇಳುವವರಿದ್ದಾರೆ. ನಸುಕಿನಲ್ಲಿ ಈ ರಸ್ತೆಗಳ ಮೇಲೆ ಓಡುವ ಹುಡುಗ ಹುಡುಗಿಯರನ್ನು ನೋಡಿದವರು ಹಾಗೆ ಕೇಳಲಾರರು. ಅವರಲ್ಲಿ ಬಹಳಷ್ಟು ಮಂದಿ ಪೊಲೀಸ್, ಸೇನಾ ಭರ್ತಿಗೆ ತಯಾರಾಗುತ್ತಿರುವ ಒಕ್ಕಲು ಮನೆಯ, ನೇಕಾರರ ಮನೆಯ ಮಕ್ಕಳು. ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಹುಡುಗರು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು. ಊರಿನಲ್ಲಿ 1600 ಎಂದುಕೊಂಡ ದೂರ ನಿಜಕ್ಕೂ 1540 ಇದ್ದರೆ, ಆ 60 ಮೀಟರಿಗೆ ಬೇಕಾಗುವುದು ಸುಮಾರು 15 ಸೆಕೆಂಡು. ಊರಲ್ಲಿ ಪಾಸಾದವನು ಮೈದಾನದಲ್ಲಿ ಫೇಲಾಗುತ್ತಾನೆ, ಕಾರಣ ತನ್ನ ಕಾಲೇ ಎಂದುಕೊಳ್ಳುತ್ತಾನೆ. ಇಂಥ ಮಕ್ಕಳಿಗೆ ತಮ್ಮ ಓಟವನ್ನು ನಂಬಿಕೆಯಿಂದ ಒರೆಗೆ ಹಚ್ಚಲು ವರ್ಷಕ್ಕೊಮ್ಮೆ ಸಿಗುವ ಅವಕಾಶ ಊರಿನ ಸ್ಪರ್ಧೆಯೇ. ಪಾರಿತೋಷಕದ ಎತ್ತರಕ್ಕೆ ಖರ್ಚು ಮಾಡುವುದರಲ್ಲಿ ಒಂದಿಷ್ಟನ್ನು ಉಕ್ಕಿನ ಟೇಪಿಗೆ, ಎಣಿಕೆ ಯಂತ್ರಕ್ಕೆ ತೆಗೆದಿಟ್ಟರೆ ತಾಲ್ಲೂಕಿನ ಎಲ್ಲ ಓಟಗಳಿಗೂ ವರ್ಷಾನುಗಟ್ಟಲೆ ಆಗುತ್ತದೆ.

ಇನ್ನೊಂದು ಎಚ್ಚರಿಕೆ. ಆರಂಭ, ತಿರುವು, ಮುಕ್ತಾಯಗಳಿಗೆ ಸುಣ್ಣದ ಗೆರೆ, ಬಣ್ಣದ ಗುರುತು ಮಾಡಿ ಬಿಟ್ಟರೆ ಮುಂದಿನ ವರ್ಷ ಅದು ಟಾರಿನಡಿ ಹೋಗಿರುತ್ತದೆ. ಕಿರುಸೇತುವೆಯ ಮೂಲೆಯಿಂದ ಇಷ್ಟು ಮೀಟರ್, ಇಂಥ ನಂಬರಿನ ವಿದ್ಯುತ್ ಕಂಬದಿಂದ ಇಷ್ಟು ಎಂದು, ಕೀಳಲಾಗದ ವಸ್ತುವಿನಿಂದ ಅಳೆದು ಪುಸ್ತಕದಲ್ಲಿ ಬರೆದಿಡಬೇಕು. ಕಾಮಗಾರಿ ಮುಗಿದು ರಸ್ತೆ ಅಗಲವಾಗಿ, ನಡುವೆ ವಿಭಜಕ ಬಂದ ಮೇಲೆ ‘ಹಳೇ ರೂಟಿಗೇ ಹೋಗೋಣ’ ಎನ್ನುವ ಮುನ್ನ ಸೈಕಲ್ಲನ್ನು ಇನ್ನೊಮ್ಮೆ ಹೊರತೆಗೆಯಬೇಕು. ವಿಭಜಕವಿದ್ದ ಕಡೆ ಓಟಗಾರ ಓರೆಯಾಗಿ ದಾಟಲಾರ, ದೂರ ಹೆಚ್ಚುತ್ತದೆ. ತಿರುವು ನೇರವಾದ ಕಡೆ ಕಡಿಮೆಯಾಗುತ್ತದೆ. ಎಷ್ಟು ಹೆಚ್ಚಾಯಿತು, ಎಷ್ಟು ಕಡಿಮೆಯಾಯಿತು ಎಂಬುದನ್ನು ಕಣ್ಣು ಹೇಳಲಾರದು, ಗಾಲಿಯೇ ಹೇಳಬೇಕು.