ಗಜಕರ್ಣಕ್ಕೆ ಎರವಲು ಮುಲಾಮು

ನಮ್ಮ ಜನ ಗಜಕರ್ಣವೆಂದೂ ಹುಳುಕಡ್ಡಿಯೆಂದೂ ಕರೆಯುವ ಚರ್ಮವ್ಯಾಧಿಯಲ್ಲಿ ಹುಳುವೆಂಬುದು ಹೆಸರಿಗೆ ಮಾತ್ರ. ಬೂಸ್ಟಿನ ವರ್ಗಕ್ಕೆ ಸೇರಿದ ಸೂಕ್ಷ್ಮ ಶಿಲೀಂಧ್ರವೊಂದು ಚರ್ಮ, ಕೂದಲು, ಉಗುರುಗಳಲ್ಲಿರುವ ಕೆರಾಟಿನ್ ಎಂಬ ವಸ್ತುವನ್ನೇ ಆಹಾರ ಮಾಡಿಕೊಂಡು ಬೆಳೆಯುತ್ತದೆ. ನಡುವೆ ಮಾಸುತ್ತ ಅಂಚಿನಲ್ಲಿ ಕೆಂಪಗೆ ಹಬ್ಬುವುದರಿಂದ ಕಲೆಗೆ ಬಳೆಯ ಆಕಾರ. ಬೆವರು ನಿಲ್ಲುವ ಕಂಕುಳು, ತೊಡೆಸಂದು, ಲಂಗದ ಲಾಡಿ ಬಿಗಿಯುವ ಸೊಂಟ ಇದಕ್ಕೆ ಪ್ರಿಯವಾದ ಎಡೆಗಳು.

ಇಂಥ ಎಡೆಯ ತುರಿಕೆಯನ್ನು ವೈದ್ಯರಿಗೆ ತೋರಿಸಲು ಸಂಕೋಚವಾಗುವುದು ಸಹಜ. ಆದಕಾರಣ ಅತ್ತಿಗೆಗೆ ‘ಗುಣ ಕೊಟ್ಟ’ ಟ್ಯೂಬು ನಾದಿನಿಯ ಕೈಗೆ ಬರುತ್ತದೆ. ಮುಗಿದರೆ ಔಷಧದಂಗಡಿಯಲ್ಲಿ ಇನ್ನೊಂದು. ಅದರಲ್ಲಿ ಶಿಲೀಂಧ್ರನಾಶಕದೊಡನೆ ಪ್ರಬಲ ಸ್ಟೀರಾಯ್ಡ್ ಬೆರೆತಿರುವುದು ಅನೇಕ ವೇಳೆ ಉಂಟು. ಸ್ಟೀರಾಯ್ಡ್ ಚರ್ಮದ ಪ್ರತಿಭಟನೆಯನ್ನು ಅಡಗಿಸುವುದರಿಂದ ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತದೆ, ಕೆಂಪು ಮಾಯುತ್ತದೆ. ಮನೆಗಾವಲಿನವನಿಗೆ ನಿದ್ದೆಯ ಮದ್ದು ಕುಡಿಸಿದರೆ ಗದ್ದಲ ನಿಲ್ಲುವುದಿಲ್ಲವೆ? ಕಳ್ಳನಂತೂ ಒಳಗೇ ಇರುತ್ತಾನೆ. ಹಚ್ಚುವುದನ್ನು ಬಿಟ್ಟೊಡನೆ ರೋಗ ಮೊದಲಿಗಿಂತ ಅಗಲವಾಗಿ ಮರಳುತ್ತದೆ. ತಿಂಗಳುಗಟ್ಟಲೆ ಹಚ್ಚಿದವರ ಚರ್ಮ ತೆಳುವಾಗಿ, ತೊಡೆಸಂದಿನಲ್ಲಿ ಸೀಳುಗೆರೆಗಳು ಮೂಡುತ್ತವೆ. ಆ ಗೆರೆಗಳು ಬಹುಮಟ್ಟಿಗೆ ಅಳಿಯುವುದೇ ಇಲ್ಲ. ಮುಖ ಬೆಳ್ಳಗಾಗಲೆಂದು ಇದೇ ಬಗೆಯ ಮುಲಾಮನ್ನು ಬಳಿದುಕೊಳ್ಳುವ ಹೆಣ್ಣುಮಕ್ಕಳು ಮೊಡವೆಯನ್ನೂ ಬೇಡದ ರೋಮವನ್ನೂ ಪಡೆಯುತ್ತಾರೆ.

2018ರಲ್ಲಿ ಕೇಂದ್ರ ಸರ್ಕಾರವು ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಔಷಧಗಳ ಪಟ್ಟಿಗೆ ಸೇರಿಸಿತು. ಅಂಗಡಿಯ ಗಲ್ಲಾದವರೆಗೆ ನಿಯಮ ನಡೆದುಬರುವುದು ನಿಧಾನ. 2020ರಲ್ಲಿ ವಿಜ್ಞಾನಿಗಳು ಈ ಶಿಲೀಂಧ್ರಗಳಲ್ಲೊಂದನ್ನು ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಪ್ರತ್ಯೇಕವಾಗಿ ಹೆಸರಿಸಿದರು. ಹೆಸರಿನಲ್ಲಿ ನಮ್ಮ ದೇಶವಿದ್ದರೂ ಹೆಮ್ಮೆಪಡುವಂತಿಲ್ಲ. ಟರ್ಬಿನಫಿನ್ ಎಂಬ ಮುಖ್ಯ ಔಷಧಕ್ಕೂ ಇದು ಹಲವು ಬಾರಿ ಬಗ್ಗುವುದಿಲ್ಲ.

ಚರ್ಮವೈದ್ಯರು ಕಲೆಯ ಅಂಚಿನಿಂದ ಹೊಟ್ಟನ್ನು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರದ ಎಳೆಗಳು ಕಾಣುತ್ತವೆ. ದುಬಾರಿ ಪರೀಕ್ಷೆಯೇನಲ್ಲ. ತುರಿಕೆಯೇ ಇಲ್ಲದೆ, ಮುಟ್ಟಿದರೆ ಅರಿವಾಗದ ಮಾಸಲು ಮಚ್ಚೆಯಿದ್ದರೆ ಅದು ಕುಷ್ಠದ ಸೂಚನೆಯಾಗಿರಬಹುದು. ಅದಕ್ಕೂ ಸಂಪೂರ್ಣ ಗುಣ ನೀಡುವ ಔಷಧವಿದೆ, ತಡಮಾಡಬಾರದಷ್ಟೆ.

ಮನೆಯಲ್ಲಿ ಒಬ್ಬರಿಗೆ ಗಜಕರ್ಣ ಬಂದರೆ ಉಳಿದವರನ್ನೂ ಪರೀಕ್ಷಿಸಬೇಕು. ಟವೆಲು, ಒಳಉಡುಪುಗಳು ಬೇರೆಯಿರಲಿ. ಅವನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹರವಬೇಕು. ಮಳೆಗಾಲದಲ್ಲಿ ಅರೆ ಒಣಗಿದ ಬಟ್ಟೆ ತೊಡುವ ಅಭ್ಯಾಸ ರೋಗಕ್ಕೆ ಆಹ್ವಾನ. ಮಕ್ಕಳ ತಲೆಗೆ ಹತ್ತಿದರೆ ಮುಲಾಮಷ್ಟೇ ಸಾಲದು, ಶಿಲೀಂಧ್ರ ಕೂದಲ ಬುಡಕ್ಕಿಳಿದಿರುವುದರಿಂದ ನುಂಗುವ ಔಷಧ ಬೇಕು. ಉಗುರಿಗೆ ಬಂದವರಿಗಂತೂ ತಾಳ್ಮೆ ಬೇಕು: ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರು ಬೆಳೆಯುತ್ತದೆ, ಕಾಲುಗುರು ಅದರ ಅರ್ಧದಷ್ಟು. ಹೆಬ್ಬೆರಳಿನ ಹೊಸ ಉಗುರು ಪೂರ್ತಿ ಬರಲು 12ರಿಂದ 18 ತಿಂಗಳು ಹಿಡಿಯುತ್ತದೆ.