ಬೇಡಿದ್ದು ಸಿಗದ ಸಂತ

ಮಂಗಳವಾರ ಬಂತೆಂದರೆ ಕೆ.ಆರ್. ನಗರ ತಾಲ್ಲೂಕಿನ ಡೋರ್ನಹಳ್ಳಿಯ ದಾರಿ ಹಿಡಿಯುವವರು ಬಹಳ. ಕಳೆದ ಓಲೆ ಸಿಗಲಿ, ಮಗಳಿಗೆ ಗಂಡು ಗೊತ್ತಾಗಲಿ, ಕೋರ್ಟಿನ ವ್ಯಾಜ್ಯ ಮುಗಿಯಲಿ ಎಂದು ಸಂತ ಅಂತೋಣಿಯವರ ಮುಂದೆ ಹರಕೆ ಹೊರುತ್ತಾರೆ. ಹೊತ್ತವರ ಜಾತಿ, ಧರ್ಮ ಇಲ್ಲಿ ಯಾರೂ ಕೇಳುವುದಿಲ್ಲ. ಉಳುವ ರೈತನ ನೇಗಿಲಿಗೆ ಮರದ ವಿಗ್ರಹ ಸಿಕ್ಕಿತಂತೆ, ಅವನು ಗೊಂಬೆ ಎಂದುಕೊಂಡು ಮಕ್ಕಳ ಕೈಗೆ ಕೊಟ್ಟನಂತೆ. ಸ್ಥಳದ ಐತಿಹ್ಯ ಶುರುವಾಗುವುದೇ ಹಾಗೆ. ಆ ವಿಗ್ರಹದ ಗುಡಿ ಬೆಳೆದು 2019ರಲ್ಲಿ ಬಸಿಲಿಕಾ, ಅಂದರೆ ವಿಶೇಷ ಮಾನ್ಯತೆಯ ಚರ್ಚು, ಆಯಿತು. ಬೆಂಗಳೂರಿನ ಸಂತ ಮರಿಯಮ್ಮನವರದ್ದು, ಕಾರ್ಕಳದ ಅತ್ತೂರಿನದ್ದು ಬಿಟ್ಟರೆ ರಾಜ್ಯದಲ್ಲಿ ಅಲ್ಲಿಯವರೆಗೆ ಆ ಗೌರವ ಬೇರೆ ಯಾವುದಕ್ಕೂ ಸಿಕ್ಕಿರಲಿಲ್ಲ.

ತಮಾಷೆಯೆಂದರೆ, ಎಲ್ಲರ ಬೇಡಿಕೆ ಕೇಳುವ ಈ ಸಂತರಿಗೆ ತಾವು ಬೇಡಿದ್ದು ಸಿಗಲಿಲ್ಲ.

ಹುಟ್ಟಿದ್ದು 1195ರ ಸುಮಾರಿಗೆ, ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ, ಅನುಕೂಲಸ್ಥರ ಮನೆಯಲ್ಲಿ. ಹೆಸರು ಫರ್ನಾಂಡೊ. ಸಂತ ಅಗಸ್ಟೀನರ ಸನ್ಯಾಸಿ ಸಭೆ ಸೇರಿ ಓದಿಕೊಂಡಿದ್ದವರಿಗೆ ಮೊರಾಕ್ಕೊದಲ್ಲಿ ಪ್ರಾಣಕೊಟ್ಟ ಐವರು ಫ್ರಾನ್ಸಿಸ್ಕನ್ನರ ಅವಶೇಷಗಳನ್ನು ಕಂಡಾಗ ತಾನೂ ಹಾಗೆಯೇ ಸಾಯಬೇಕು ಎನ್ನಿಸಿತು. 1220ರಲ್ಲಿ ಫ್ರಾನ್ಸಿಸ್ಕನ್ನರ ಸಭೆ ಸೇರಿ, ಅಂತೋಣಿ ಎಂಬ ಹೆಸರು ಹೊತ್ತು ಮೊರಾಕ್ಕೊಗೆ ಹೊರಟರು. ಅಲ್ಲಿ ಹುತಾತ್ಮರಾಗುವುದಿರಲಿ, ಜ್ವರ ಬಂದು ಮಲಗಿದರು. ಊರಿಗೆ ಮರಳಲು ಹತ್ತಿದ ಹಡಗು ಬಿರುಗಾಳಿಗೆ ಸಿಕ್ಕಿ ಇಟಲಿಯ ಸಿಸಿಲಿ ಸೇರಿತು. ಕೊನೆಗೆ ಫೋರ್ಲಿ ಬಳಿಯ ಬೆಟ್ಟದ ಆಶ್ರಮವೊಂದರಲ್ಲಿ ಜಪ ಮಾಡುತ್ತ, ಅಡುಗೆಮನೆಯ ಪಾತ್ರೆ ತೊಳೆಯುತ್ತ ಉಳಿದರು. ಇವರು ಎಷ್ಟು ಓದಿದವರೆಂಬುದು ಜೊತೆಯವರಿಗೂ ಗೊತ್ತಿರಲಿಲ್ಲ. ಇವರೂ ಹೇಳಲು ಹೋಗಲಿಲ್ಲ. 1222ರಲ್ಲಿ ಗುರುದೀಕ್ಷೆಯ ಸಮಾರಂಭದಲ್ಲಿ ಪ್ರಸಂಗ ಮಾಡಲು ಯಾರೂ ಸಿದ್ಧರಿಲ್ಲದೆ, ಹಿರಿಯರು ಇವರನ್ನೇ ಎಬ್ಬಿಸಿ ನಿಲ್ಲಿಸಿದಾಗಲಷ್ಟೇ ಎಲ್ಲರಿಗೂ ತಿಳಿದದ್ದು.

ಈಗ ನಮ್ಮ ಶಾಲೆ, ಕಾಲೇಜುಗಳಲ್ಲಿ ನಡೆಯುವ ವ್ಯಕ್ತಿತ್ವ ವಿಕಸನ ಶಿಬಿರಗಳನ್ನು ನೋಡಿ. ಗುರಿ ಇಟ್ಟುಕೊ, ನಿನ್ನನ್ನು ನೀನು ತೋರಿಸಿಕೊ, ಗೆಲ್ಲು ಎನ್ನುವುದೇ ಅಲ್ಲಿನ ಪಾಠ. ಅಂಥ ಶಿಬಿರಕ್ಕೆ ಅಂತೋಣಿಯವರು ಬಂದಿದ್ದರೆ ಫೇಲಾಗುತ್ತಿದ್ದರು. ಕ್ರೈಸ್ತ ದೃಷ್ಟಿಯಲ್ಲಿ ಮನುಷ್ಯ ಬೆಳೆಯುವ ಲೆಕ್ಕವೇ ಬೇರೆ. ಬೈಬಲಿನಲ್ಲಿ, ಗಲಾತ್ಯದವರಿಗೆ ಬರೆದ ಪತ್ರದಲ್ಲಿ, ಸಂತ ಪೌಲನು ಪವಿತ್ರಾತ್ಮರ ಫಲಗಳೆಂದು ಒಂಬತ್ತನ್ನು ಎಣಿಸುತ್ತಾನೆ. ಪ್ರೀತಿ, ಸಹನೆ, ದಯೆ, ಸಾಧುತ್ವ ಅದರಲ್ಲಿವೆ, ಯಶಸ್ಸು ಇಲ್ಲ. ಹಾಗೆಂದು ಆಸೆ ಬಿಟ್ಟು ಕೂರು ಎಂದೇನೂ ಇದರ ಅರ್ಥವಲ್ಲ. ಅಂದುಕೊಂಡದ್ದು ಕೈತಪ್ಪಿದಾಗ ಕಹಿಯಾಗದೆ, ಎದುರಿಗೆ ಬಂದ ಕೆಲಸವನ್ನು ಪ್ರೀತಿಯಿಂದ ಮಾಡುವವನು ಬೆಳೆದವನು. ಹರಕೆ ತೀರಿದ ಮೇಲೆ ನಾನು ಬದಲಾದೆನೇ ಎಂದು ಕೇಳಿಕೊಳ್ಳದ ಭಕ್ತಿ ವ್ಯವಹಾರವಾಗಿ ಬಿಡುತ್ತದೆ ಎಂಬುದು ನನ್ನ ಅನಿಸಿಕೆ.

ಅಂತೋಣಿಯವರ ಬೆಳವಣಿಗೆ ಪ್ರಸಂಗಪೀಠದಲ್ಲೇ ನಿಲ್ಲಲಿಲ್ಲ. ಇಟಲಿಯ ಪಾದುವಾ ನಗರದಲ್ಲಿ ಅವರು ಬೋಧಿಸುತ್ತಿದ್ದ ಕಾಲಕ್ಕೆ ಸಾಲ ತೀರಿಸಲಾಗದವರನ್ನು ಸೆರೆಗೆ ತಳ್ಳುವುದು ಮಾಮೂಲಾಗಿತ್ತು. 1231ರ ಮಾರ್ಚ್‌ನಲ್ಲಿ ನಗರಾಡಳಿತ ಅವರ ಕೋರಿಕೆಯ ಮೇರೆಗೆ ಶಾಸನವೊಂದನ್ನು ಹೊರಡಿಸಿತು: ಆಸ್ತಿಯನ್ನೆಲ್ಲ ಒಪ್ಪಿಸಿದ ಸಾಲಗಾರನನ್ನು ಇನ್ನು ಸೆರೆಗೆ ಹಾಕುವಂತಿಲ್ಲ. ಅದೇ ವರ್ಷ ಜೂನ್ 13ರಂದು, ಮೂವತ್ತಾರರ ಆಸುಪಾಸಿನಲ್ಲಿ, ಅವರು ತೀರಿಕೊಂಡರು. ಮರುವರ್ಷವೇ ಸಂತ ಪದವಿ ಸಿಕ್ಕಿತು. ಕಳೆದ ವಸ್ತು ಹುಡುಕಿಕೊಡುವ ಸಂತರೆಂದು ಅವರನ್ನು ಬಲ್ಲವರಲ್ಲಿ ಸಾಲಗಾರರ ಪರ ನಿಂತವರೆಂದು ಬಲ್ಲವರು ಎಷ್ಟು ಮಂದಿ?

ನಮ್ಮ ಸೀಮೆಗೆ ಈ ಎರಡನೆಯ ಪರಿಚಯವೇ ಹೆಚ್ಚು ಬೇಕು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಎಂದರೆ ಹೊಗೆಸೊಪ್ಪಿನ ನಾಡು. ಸಸಿ ನೆಡುವಾಗ ಗೊಬ್ಬರಕ್ಕೆ ಸಾಲ, ಸೊಪ್ಪು ಹದ ಮಾಡುವ ಬ್ಯಾರನ್ನಿಗೆ ಸೌದೆ ತರಲು ಸಾಲ, ಕೂಲಿಗೆ ಕೈಸಾಲ. ಇಷ್ಟೂ ತೀರಬೇಕಾದರೆ ಕಟ್ಟೆಮಳಲವಾಡಿಯಲ್ಲೋ ಕಂಪಲಾಪುರದಲ್ಲೋ ಹರಾಜಿನ ದಿನ ಸೊಪ್ಪಿನ ಬೇಲ್‌ಗೆ ಬೆಲೆ ಬರಬೇಕು. ಬಾರದಿದ್ದರೆ ಹೆಂಗಸರ ಸಂಘದ ಸಾಲ, ಅದನ್ನು ಕಟ್ಟಲು ಇನ್ನೊಂದು. ವಸೂಲಿಗೆ ಬಂದವರ ಮಾತಿಗೆ ಹೆದರಿ ಬಾಗಿಲು ಹಾಕಿಕೊಂಡು ಒಳಗೇ ಕೂರುವ ಮನೆಗಳು ಹಳ್ಳಿಯಲ್ಲಿ ಹೊಸತಲ್ಲ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲ ವಸೂಲಿಯ ಬಲವಂತ ತಡೆಯಲು ಸುಗ್ರೀವಾಜ್ಞೆ ತಂದದ್ದು ಇಂಥ ಸಂಕಟಗಳ ನಡುವೆಯೇ. ಪಾದುವಾದ ಶಾಸನಕ್ಕೆ ಅಷ್ಟರಲ್ಲಿ ಸುಮಾರು ಎಂಟುನೂರು ವರ್ಷ.

ಡೋರ್ನಹಳ್ಳಿಯ ಧರ್ಮಕೇಂದ್ರಕ್ಕೂ ಸುತ್ತಲಿನ ಚರ್ಚುಗಳಿಗೂ ಒಂದು ಕೋರಿಕೆ. ಜೂನ್ 13ರ ಜಾತ್ರೆಯ ದಿನ ಮೇಣದಬತ್ತಿ ಮಾರುವಲ್ಲಿಯೇ ಒಂದು ಮೇಜು ಹಾಕಿಸಿ. ಸಾಲದ ಕಾನೂನು ಬಲ್ಲ ವಕೀಲರೊಬ್ಬರನ್ನು, ಬ್ಯಾಂಕಿನಿಂದ ನಿವೃತ್ತರಾದ ಒಬ್ಬರನ್ನು ಅಲ್ಲಿ ಕೂರಿಸಿ. ಬಂದವರ ಧರ್ಮ ಕೇಳದೆ, ಅವರ ಸಾಲದ ಕಾಗದ ಓದಿ ಹೇಳಿ.